ಕೂಗಿನ ಹಿಂದಿರುವ ಮಾತು

ಮಾತು ಬಾರದ ಮಗುವೊಂದು ಊಟದ ಹೊತ್ತಿಗೆ ತಟ್ಟೆಯನ್ನು ದೂರ ತಳ್ಳಿ, ನೆಲದ ಮೇಲೆ ಹೊರಳಿ, ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುತ್ತದೆ. ದೃಷ್ಟಿ ತಾಗಿದೆಯೆಂದು ಅಜ್ಜಿ ಹೇಳುತ್ತಾಳೆ. ಮುದ್ದು ಹೆಚ್ಚಾಯಿತೆಂದು ನೆರೆಯವರು ಹೇಳುತ್ತಾರೆ. ತಂದೆಗೆ ಕೋಪ, ತಾಯಿಗೆ ಕಣ್ಣೀರು. ಕೊನೆಗೆ ಎರಡು ಏಟು ಬೀಳುತ್ತವೆ, ಇಲ್ಲವೆ ಒಂದು ಬಿಸ್ಕತ್ತು ಕೈಗೆ ಸಿಗುತ್ತದೆ. ಆ ಹೊತ್ತಿಗೆ ಕೂಗು ನಿಲ್ಲುತ್ತದೆ. ಮರುದಿನ ಅದೇ ಹೊತ್ತಿಗೆ ಮತ್ತೆ ಆರಂಭವಾಗುತ್ತದೆ. ಇಂತಹ ಮನೆಗಳು ನಮ್ಮ ನಡುವೆ ಇವೆ. ಅಲ್ಲಿನ ತಾಯಂದಿರು ಮದುವೆಮನೆಗೂ ಹೋಗದೆ, ನೆಂಟರನ್ನೂ ಕರೆಯದೆ, ಮನೆಯ ಬಾಗಿಲು ಮುಚ್ಚಿಕೊಂಡು ಬದುಕುತ್ತಿದ್ದಾರೆ.

ಇಂತಹ ಮಕ್ಕಳಲ್ಲಿ ಹಲವರಿಗೆ ಆಟಿಸಂ ಇರುವುದೆಂದು ವೈದ್ಯರು ಗುರುತಿಸುತ್ತಾರೆ. ಆ ಬಳಿಕ ತಂದೆತಾಯಿಯರ ಕಿವಿಗೆ ಬೀಳುವ ಹೊಸ ಶಬ್ದಗಳಲ್ಲಿ ‘ಎಬಿಎ’ ಎಂಬುದೂ ಒಂದು. ‘ಅಪ್ಲೈಡ್ ಬಿಹೇವಿಯರ್ ಅನಾಲಿಸಿಸ್’ ಎಂಬ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿವು. ಕನ್ನಡದಲ್ಲಿ ಇದನ್ನು ‘ಅನ್ವಯಿಕ ವರ್ತನಾ ವಿಶ್ಲೇಷಣೆ’ ಎನ್ನಬಹುದು. ಇದು ಮಗುವನ್ನು ಗುಣಪಡಿಸುವ ಔಷಧವೆಂದು ಕೆಲವರು ಹೊಗಳುತ್ತಾರೆ. ಪ್ರಾಣಿಯನ್ನು ಪಳಗಿಸುವ ವಿದ್ಯೆಯೆಂದು ಕೆಲವರು ತೆಗಳುತ್ತಾರೆ. ಹೊಗಳುವ ಮುನ್ನ, ತೆಗಳುವ ಮುನ್ನ, ಅದು ಏನೆಂಬುದನ್ನು ಅರಿಯುವುದು ಒಳಿತು. ಏಕೆಂದರೆ ಈ ವಿದ್ಯೆಯ ಕೈಗೆ ನಾವು ಒಪ್ಪಿಸುವುದು ಒಂದು ಮಗುವಿನ ಬಾಲ್ಯದ ಸಾವಿರಾರು ಗಂಟೆಗಳನ್ನು.

ಎಲ್ಲಿಂದ ಬಂತು?

ಅಭ್ಯಾಸದಿಂದ ಗುಣ ಬೆಳೆಯುತ್ತದೆಂಬುದು ಹಳೆಯ ತಿಳಿವಳಿಕೆ. ಮನೆ ಕಟ್ಟುತ್ತಲೇ ಮನುಷ್ಯನು ಗಾರೆ ಕೆಲಸದವನಾಗುತ್ತಾನೆ, ವಾದ್ಯ ನುಡಿಸುತ್ತಲೇ ವಾದ್ಯಗಾರನಾಗುತ್ತಾನೆ. ಅಂತೆಯೇ ನ್ಯಾಯವಾದುದನ್ನು ಮಾಡುತ್ತಲೇ ನ್ಯಾಯವಂತನಾಗುತ್ತಾನೆ ಎಂಬುದು ಗ್ರೀಸಿನ ಅರಿಸ್ಟಾಟಲನ ಬೋಧನೆ. ಆದರೆ ಒಂದು ಅಭ್ಯಾಸವು ಬೇರೂರುವುದು ಹೇಗೆ, ಇನ್ನೊಂದು ಒಣಗುವುದು ಹೇಗೆ ಎಂಬುದನ್ನು ಪ್ರಯೋಗಗಳಿಂದ ಅಳೆದು ನೋಡುವ ಕಾರ್ಯ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆರಂಭವಾಯಿತು.

1898ರಲ್ಲಿ ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ ಎಂಬ ವಿದ್ವಾಂಸನು ಹಸಿದ ಬೆಕ್ಕುಗಳನ್ನು ಮರದ ಪೆಟ್ಟಿಗೆಗಳಲ್ಲಿಟ್ಟು ನಡೆಸಿದ ಪ್ರಯೋಗಗಳ ವರದಿಯನ್ನು ಪ್ರಕಟಿಸಿದನು. ಹೊರಗೆ ಆಹಾರವಿದೆ, ಒಳಗೆ ಬೆಕ್ಕಿದೆ. ಬೆಕ್ಕು ಪರಚುತ್ತದೆ, ಕಚ್ಚುತ್ತದೆ, ಆಕಸ್ಮಿಕವಾಗಿ ಅಗುಳಿಯನ್ನು ಒತ್ತುತ್ತದೆ; ಬಾಗಿಲು ತೆರೆದುಕೊಳ್ಳುತ್ತದೆ. ಮತ್ತೆ ಮತ್ತೆ ಒಳಗಿಟ್ಟಂತೆ ವ್ಯರ್ಥ ಪರಚಾಟ ಕಡಿಮೆಯಾಗಿ, ಅಗುಳಿಯನ್ನು ಒತ್ತುವ ಕ್ರಿಯೆ ಬೇಗಬೇಗನೆ ಬರತೊಡಗುತ್ತದೆ. ತೃಪ್ತಿಯನ್ನು ತಂದ ಕ್ರಿಯೆ ಉಳಿಯುತ್ತದೆ, ತಾರದ ಕ್ರಿಯೆ ಅಳಿಯುತ್ತದೆ. ಇದನ್ನೇ ಆತನು ಪರಿಣಾಮದ ನಿಯಮವೆಂದು ಕರೆದನು. 1938ರಲ್ಲಿ ಬಿ. ಎಫ್. ಸ್ಕಿನ್ನರ್ ತನ್ನ ಮೊದಲ ಮುಖ್ಯ ಗ್ರಂಥದಲ್ಲಿ ಈ ನಿಯಮಕ್ಕೆ ಇನ್ನಷ್ಟು ನಿಖರವಾದ ರೂಪವನ್ನು ಕೊಟ್ಟನು.

ಪ್ರಯೋಗಶಾಲೆಯ ಈ ತಿಳಿವು ಮನುಷ್ಯರ ವಾರ್ಡಿಗೆ ಕಾಲಿಟ್ಟುದು 1950ರ ದಶಕದ ಕೊನೆಯಲ್ಲಿ. 1968ರಲ್ಲಿ ಕ್ಯಾನ್ಸಸ್ ವಿಶ್ವವಿದ್ಯಾನಿಲಯದ ಡೊನಾಲ್ಡ್ ಬೇಯರ್, ಮಾಂಟ್ರೋಸ್ ವುಲ್ಫ್ ಮತ್ತು ಟಾಡ್ ರಿಸ್ಲಿ ಎಂಬ ಮೂವರು, ಆಗತಾನೇ ಆರಂಭವಾದ ಒಂದು ಪತ್ರಿಕೆಯಲ್ಲಿ ಈ ಹೊಸ ಶಾಸ್ತ್ರದ ಲಕ್ಷಣಗಳನ್ನು ನಿರೂಪಿಸಿದರು. ಅವರು ಹೇಳಿದ ಮೊದಲ ಲಕ್ಷಣವೇ ಗಮನಾರ್ಹ: ಆರಿಸಿಕೊಳ್ಳುವ ವರ್ತನೆಯು ಆ ವ್ಯಕ್ತಿಯ ಬಾಳಿಗೆ, ಸಮಾಜಕ್ಕೆ ಮುಖ್ಯವಾದುದಾಗಿರಬೇಕು. ‘ಅನ್ವಯಿಕ’ ಎಂಬ ಶಬ್ದದ ಅರ್ಥ ಇದೇ.

ಡಿಕಿಯ ಕನ್ನಡಕ

ಈ ಶಾಸ್ತ್ರದ ಇತಿಹಾಸದಲ್ಲಿ ಒಬ್ಬ ಬಾಲಕನ ಕತೆ ಮತ್ತೆ ಮತ್ತೆ ಉಲ್ಲೇಖಗೊಳ್ಳುತ್ತದೆ. ವುಲ್ಫ್, ರಿಸ್ಲಿ ಮತ್ತು ಹೇಡನ್ ಮೀಸ್ 1964ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅವನ ಹೆಸರು ಡಿಕಿ. ವಯಸ್ಸು ಮೂರೂವರೆ ವರ್ಷ. ಶೈಶವದಲ್ಲಿಯೇ ಎರಡು ಕಣ್ಣುಗಳಿಗೂ ಪೊರೆ ಬಂದು, ಶಸ್ತ್ರಚಿಕಿತ್ಸೆಯಿಂದ ಕಣ್ಣಿನ ಮಸೂರಗಳನ್ನು ತೆಗೆಯಲಾಗಿತ್ತು. ಆದುದರಿಂದ ಕನ್ನಡಕವಿಲ್ಲದೆ ಅವನಿಗೆ ಗತಿಯಿರಲಿಲ್ಲ. ಆದರೆ ಅವನು ಕನ್ನಡಕವನ್ನು ಮುಖದ ಹತ್ತಿರವೂ ಸೇರಿಸುತ್ತಿರಲಿಲ್ಲ. ಇನ್ನು ಆರು ತಿಂಗಳೊಳಗೆ ಧರಿಸದಿದ್ದರೆ ದೃಷ್ಟಿ ಶಾಶ್ವತವಾಗಿ ಕುಂದುವುದೆಂದು ನೇತ್ರವೈದ್ಯರು ಎಚ್ಚರಿಸಿದ್ದರು. ಇದರೊಡನೆ ಅವನಿಗೆ ಭೀಕರವಾದ ರೋಷಾವೇಶ. ತಲೆ ಚಚ್ಚಿಕೊಳ್ಳುವುದು, ಕೆನ್ನೆಗೆ ಹೊಡೆದುಕೊಳ್ಳುವುದು, ಮುಖ ಪರಚಿಕೊಳ್ಳುವುದು. ರಾತ್ರಿ ಹಾಸಿಗೆಯ ಪಕ್ಕದಲ್ಲಿ ತಂದೆಯೋ ತಾಯಿಯೋ ಕುಳಿತಿರದಿದ್ದರೆ ನಿದ್ದೆಯಿಲ್ಲ.

ವಾಷಿಂಗ್ಟನ್ ರಾಜ್ಯದ ಮಾನಸಿಕ ಆಸ್ಪತ್ರೆಯೊಂದರ ಮಕ್ಕಳ ವಿಭಾಗದಲ್ಲಿ ಅವನನ್ನು ಇರಿಸಿಕೊಂಡರು. ಕನ್ನಡಕವನ್ನು ಅವರು ಒಮ್ಮೆಲೇ ಮೂಗಿನ ಮೇಲೇರಿಸಲಿಲ್ಲ. ಮೊದಲು ಗಾಜಿಲ್ಲದ ಬರಿಯ ಚೌಕಟ್ಟುಗಳನ್ನು ಕೋಣೆಯಲ್ಲಿಟ್ಟರು. ಅದನ್ನು ಎತ್ತಿಕೊಂಡರೆ ಒಂದು ತುಂಡು ಮಿಠಾಯಿ ಅಥವಾ ಹಣ್ಣು. ಹಿಡಿದುಕೊಂಡರೆ ಮತ್ತೊಂದು. ಕೈಯಲ್ಲಿ ಹಿಡಿದು ನಡೆದರೆ, ಕಣ್ಣಿನ ಸಮೀಪಕ್ಕೆ ತಂದರೆ ಇನ್ನೊಂದು. ಪ್ರಗತಿ ನಿಧಾನವಾಗಿತ್ತು. ಬಹುಮಾನವು ಹೆಚ್ಚು ಆಕರ್ಷಕವಾಗಲೆಂದು ಊಟವನ್ನು ಮುಂದೂಡುವುದಕ್ಕೂ ಅವರು ಹಿಂಜರಿಯಲಿಲ್ಲ. ಇಂದಿನ ನೈತಿಕ ಮಾನದಂಡಗಳಿಂದ ನೋಡಿದರೆ ಇದು ಆಕ್ಷೇಪಾರ್ಹ. ಕೊನೆಗೊಮ್ಮೆ ಡಿಕಿ ಕನ್ನಡಕವನ್ನು ಧರಿಸಿದನು. ಬಳಿಕ ಊಟ, ತಿಂಡಿ, ಹೊರಗಿನ ತಿರುಗಾಟ ಮುಂತಾದವುಗಳಿಗೆಲ್ಲ ಕನ್ನಡಕವು ಜೊತೆಯಾಯಿತು. ಮುಂದೆ ದಿನಕ್ಕೆ ಸುಮಾರು 12 ಗಂಟೆಗಳ ಕಾಲ ಅವನು ಅದನ್ನು ಧರಿಸುತ್ತಿದ್ದನು.

ಕನ್ನಡಕವನ್ನು ಎಸೆಯುವ ಚಾಳಿಯೂ ಇತ್ತು. ಎಸೆದರೆ ಹತ್ತು ನಿಮಿಷ ಅವನ ಕೋಣೆಯಲ್ಲಿ ಒಂಟಿಯಾಗಿರಬೇಕು ಎಂದು ಗೊತ್ತುಪಡಿಸಿದರು, ಎಸೆಯುವುದು ನಿಂತಿತು. ಆ ಕ್ರಮವನ್ನು ಕೆಲಕಾಲ ಕೈಬಿಟ್ಟು ನೋಡಿದಾಗ ಎಸೆಯುವುದು ಮತ್ತೆ ಏರಿತು; ಮರಳಿ ಆರಂಭಿಸಿದಾಗ ಇಳಿಯಿತು. ಫಲವು ಕಾಲಮಹಿಮೆಯಿಂದ ಬಂದುದಲ್ಲ, ಆ ಕ್ರಮದಿಂದಲೇ ಬಂದುದು ಎಂಬುದಕ್ಕೆ ಇದು ಪ್ರಮಾಣವಾಯಿತು. ತಂದೆತಾಯಿಯರನ್ನೂ ಮೆಲ್ಲಮೆಲ್ಲನೆ ಈ ಕಾರ್ಯದಲ್ಲಿ ಸೇರಿಸಿಕೊಂಡರು. ಮನೆಗೆ ಮರಳಿ ಆರು ತಿಂಗಳಾದ ಮೇಲೂ ಡಿಕಿ ಕನ್ನಡಕ ಧರಿಸುತ್ತಿದ್ದನೆಂದು, ರೋಷಾವೇಶ ಮತ್ತು ನಿದ್ದೆಯ ತೊಂದರೆ ಇರಲಿಲ್ಲವೆಂದು, ಮಾತು ಹೆಚ್ಚುತ್ತಿತ್ತೆಂದು ತಾಯಿ ತಿಳಿಸಿದರು. ಅವನಿಗೆ 13 ವರ್ಷವಾದಾಗ ನಡೆದ ಅಧ್ಯಯನವೂ ಆ ಸುಧಾರಣೆಯು ಉಳಿದುಬಂದುದನ್ನು ದಾಖಲಿಸಿತು.

ಈ ಕತೆಯಲ್ಲಿ ಎರಡು ಸಂಗತಿಗಳನ್ನು ಮರೆಯಬಾರದು. ಮೊದಲನೆಯದು, ಗುರಿ ಮಗುವಿನದೇ ಹಿತವಾಗಿತ್ತು: ಅವನ ಕಣ್ಣು. ಎರಡನೆಯದು, ಹಾದಿಯಲ್ಲಿ ಬಳಸಿದುದೆಲ್ಲವೂ ನಿರ್ದೋಷವಾಗಿರಲಿಲ್ಲ. ಗುರಿ ಮತ್ತು ಸಾಧನಗಳ ನಡುವಿನ ಈ ಎಳೆದಾಟ ಇಂದಿನವರೆಗೂ ಈ ವಿದ್ಯೆಯ ಬೆನ್ನು ಬಿಟ್ಟಿಲ್ಲ.

ಮೂರು ಕೊಂಡಿಗಳು

ಇನ್ನು ಮೂಲಭೂತ ಪರಿಕಲ್ಪನೆಗಳಿಗೆ ಬರೋಣ. ಯಾವುದೇ ವರ್ತನೆಯೂ ಒಂಟಿಯಾಗಿ ನಿಲ್ಲುವುದಿಲ್ಲ. ಅದರ ಹಿಂದೆ ಒಂದು ಪೂರ್ವಸ್ಥಿತಿ ಇರುತ್ತದೆ, ಮುಂದೆ ಒಂದು ಪರಿಣಾಮ ಇರುತ್ತದೆ. ಈ ಮೂರು ಕೊಂಡಿಗಳ ಸರಪಣಿಯೇ ಇಡೀ ಶಾಸ್ತ್ರದ ಅಡಿಪಾಯ.

ವರ್ತನೆಯೆಂದರೆ ಕಣ್ಣಿಗೆ ಕಾಣುವಂತಹುದು, ಎಣಿಸಲು ಬರುವಂತಹುದು. ‘ನನ್ನ ಮಗ ಹಠಮಾರಿ’ ಎಂಬುದು ವರ್ತನೆಯಲ್ಲ, ಅದು ನಮ್ಮ ತೀರ್ಪು. ‘ಟಿ.ವಿ. ಆರಿಸಿದಾಗ ನೆಲಕ್ಕೆ ಬಿದ್ದು ಮೂರು ನಿಮಿಷ ಕೂಗಿದನು’ ಎಂಬುದು ವರ್ತನೆ. ತೀರ್ಪಿನಿಂದ ವಿವರಣೆಗೆ ಇಳಿದುಬರುವುದೇ ಈ ವಿದ್ಯೆ ಹೆತ್ತವರಿಗೆ ಕಲಿಸುವ ಮೊದಲ ಪಾಠ. ‘ಹಠಮಾರಿ’ಯನ್ನು ಯಾರೂ ಬದಲಿಸಲಾರರು, ದಿನಕ್ಕೆ ಆರು ಸಲ ಬರುವ ಮೂರು ನಿಮಿಷದ ಕೂಗನ್ನು ಕಡಿಮೆ ಮಾಡಬಹುದು.

ವರ್ತನೆಯ ಬಳಿಕ ಬಂದ ಪರಿಣಾಮದಿಂದ ಆ ವರ್ತನೆ ಮುಂದೆ ಹೆಚ್ಚಿದರೆ ಅದನ್ನು ಪುನರ್ಬಲನ ಎನ್ನುತ್ತಾರೆ. ಇದರಲ್ಲಿ ಎರಡು ಬಗೆ. ಇಷ್ಟವಾದುದೇನೋ ಸಿಕ್ಕಿದರೆ ಅದು ಧನಾತ್ಮಕ: ‘ನೀರು’ ಎಂದಾಗ ನೀರು ಸಿಕ್ಕಿತು, ಮರುದಿನವೂ ಮಗು ‘ನೀರು’ ಎಂದಿತು. ಬೇಡವಾದುದೇನೋ ತೊಲಗಿದರೆ ಅದು ಋಣಾತ್ಮಕ: ಮಳೆಯಲ್ಲಿ ಕೊಡೆ ಬಿಡಿಸಿದಾಗ ನೆನೆಯುವುದು ತಪ್ಪಿತು, ಮುಂದಿನ ಮಳೆಗೂ ಕೊಡೆ ಬಿಡಿಸಿದೆವು. ಋಣಾತ್ಮಕ ಪುನರ್ಬಲನವನ್ನು ಶಿಕ್ಷೆಯೆಂದು ಭಾವಿಸುವವರು ಬಹಳ ಮಂದಿ. ಅದು ಸರಿಯಲ್ಲ. ಶಿಕ್ಷೆಯಿಂದ ವರ್ತನೆ ಇಳಿಯುತ್ತದೆ. ಪುನರ್ಬಲನದಿಂದ, ಅದು ಯಾವ ಬಗೆಯದಾದರೂ, ವರ್ತನೆ ಏರುತ್ತದೆ.

ಈ ಭೇದವನ್ನು ಅರಿತರೆ ಮನೆಯೊಳಗಿನ ಎಷ್ಟೋ ಒಗಟುಗಳು ಬಿಡಿಸಿಕೊಳ್ಳುತ್ತವೆ. ಕ್ಷೌರದ ಅಂಗಡಿಯಲ್ಲಿ ಮಗು ಕಿರುಚುತ್ತದೆ. ‘ಇವತ್ತು ಬೇಡ, ಬಿಡಿ’ ಎಂದು ತಂದೆ ಎತ್ತಿಕೊಂಡು ಹೊರಬರುತ್ತಾನೆ. ಕತ್ತರಿಯ ಸದ್ದಿನಿಂದ ಪಾರಾಗುವ ದಾರಿ ಕಿರುಚುವುದೆಂದು ಮಗು ಕಲಿಯಿತು. ಆದರೆ ಕಲಿತದ್ದು ಮಗು ಮಾತ್ರವೇ? ಮಗುವನ್ನು ಎತ್ತಿಕೊಂಡೊಡನೆ ಕಿರುಚಾಟ ನಿಂತಿತಲ್ಲವೇ? ಬಿಟ್ಟುಕೊಟ್ಟರೆ ನೆಮ್ಮದಿ ಎಂಬುದನ್ನು ತಂದೆಯೂ ಕಲಿತನು. ಮನೆಯಲ್ಲಿ ಮಕ್ಕಳಿಗೆ ನಾವು ಕಲಿಸುತ್ತಿದ್ದೇವೆಂದು ತಿಳಿದಿರುತ್ತೇವೆ. ಅಷ್ಟೇ ಸಮರ್ಥವಾಗಿ ಅವರೂ ನಮಗೆ ಕಲಿಸುತ್ತಿರುತ್ತಾರೆ.

ಪುನರ್ಬಲನವು ನಿಂತುಹೋದರೆ ವರ್ತನೆಯು ಎಣ್ಣೆ ತೀರಿದ ದೀಪದಂತೆ ನಂದುತ್ತದೆ. ಆದರೆ ನಂದುವ ಮುನ್ನ ದೀಪ ಒಮ್ಮೆ ಭುಗ್ಗನೆ ಉರಿಯುವಂತೆ ವರ್ತನೆಯೂ ಒಮ್ಮೆ ಉಲ್ಬಣಿಸುವುದುಂಟು. ಕೂಗಿಗೆ ಬಿಸ್ಕತ್ತು ಕೊಡುವುದನ್ನು ನಿಲ್ಲಿಸಿದ ಮೊದಲ ದಿನಗಳಲ್ಲಿ ಕೂಗು ಇಮ್ಮಡಿಯಾಗಬಹುದು. ಆಗ ಸೋತು ಬಿಸ್ಕತ್ತು ಕೊಟ್ಟರೆ, ಮಗು ಕಲಿಯುವುದು ಇನ್ನೂ ಜೋರಾಗಿ ಕೂಗಬೇಕೆಂಬುದನ್ನು. ಒಮ್ಮೆ ಕೊಟ್ಟು ಒಮ್ಮೆ ಕೊಡದಿದ್ದರೆ ವರ್ತನೆಯು ಇನ್ನಷ್ಟು ಗಟ್ಟಿಯಾಗುತ್ತದೆ. ಗಾಳ ಹಾಕುವವನಿಗೆ ಪ್ರತಿಸಲವೂ ಮೀನು ಸಿಗುವುದಿಲ್ಲ; ಆದರೂ ಆತನು ಹೊಳೆಯ ದಂಡೆಯನ್ನು ಬಿಟ್ಟೇಳುವುದಿಲ್ಲವಲ್ಲ!

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ತನಗೆ ತಾನೇ ಗಾಯಮಾಡಿಕೊಳ್ಳುವ ಮಗುವನ್ನು ‘ನೋಡದಂತೆ ಇದ್ದುಬಿಡಿ’ ಎಂಬುದು ಅಪಾಯಕಾರಿ ಸಲಹೆ. ಮಾತು ಬಾರದ ಮಗುವಿಗೆ ಹಲ್ಲುನೋವು, ಕಿವಿನೋವು, ಮಲಬದ್ಧತೆಗಳನ್ನು ಹೇಳಿಕೊಳ್ಳುವ ಬೇರೆ ಮಾರ್ಗವಿರುವುದಿಲ್ಲ. ವೈದ್ಯರ ಪರೀಕ್ಷೆ ಮೊದಲು, ವರ್ತನೆಯ ವಿಶ್ಲೇಷಣೆ ಆಮೇಲೆ.

ಏಕೆ ಎಂಬ ಪ್ರಶ್ನೆ

ಒಂದೇ ವರ್ತನೆಗೆ ಹಲವು ಕಾರಣಗಳಿರಬಹುದು. ತಲೆ ಚಚ್ಚಿಕೊಳ್ಳುವ ಒಂದು ಮಗು ತಾಯಿಯ ಗಮನವನ್ನು ಬಯಸುತ್ತಿರಬಹುದು. ಇನ್ನೊಂದು ಮಗು ಕಷ್ಟದ ಕೆಲಸದಿಂದ ತಪ್ಪಿಸಿಕೊಳ್ಳಲು ಯತ್ನಿಸುತ್ತಿರಬಹುದು. ಮತ್ತೊಂದು ಮಗು ಬೇಕಾದ ವಸ್ತುವನ್ನು ಕೇಳುತ್ತಿರಬಹುದು. ಮಗದೊಂದಕ್ಕೆ ಆ ಸಂವೇದನೆಯೇ ಬೇಕಾಗಿರಬಹುದು. ಹೊರಗಿನಿಂದ ನೋಡಿದರೆ ನಾಲ್ಕೂ ಒಂದೇ. ಒಳಗಿನ ಅರ್ಥ ನಾಲ್ಕು. ಆದುದರಿಂದ ನಾಲ್ವರಿಗೂ ಒಂದೇ ಮದ್ದು ಸಲ್ಲದು.

ಈ ಅರ್ಥವನ್ನು ಊಹೆಯಿಂದಲ್ಲ, ಪರೀಕ್ಷೆಯಿಂದ ತಿಳಿಯುವ ವಿಧಾನವನ್ನು ಬ್ರಯಾನ್ ಐವಾಟಾ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದರು. ತಮಗೆ ತಾವೇ ಗಾಯಮಾಡಿಕೊಳ್ಳುತ್ತಿದ್ದ 9 ಮಕ್ಕಳನ್ನು ಹದಿನೈದು ಹದಿನೈದು ನಿಮಿಷಗಳ ಬೇರೆ ಬೇರೆ ಸನ್ನಿವೇಶಗಳಲ್ಲಿ ಅವರು ಗಮನಿಸಿದರು: ಕೆಲಸ ಕೊಟ್ಟಾಗ, ಒಂಟಿಯಾಗಿ ಬಿಟ್ಟಾಗ, ಗಾಯಮಾಡಿಕೊಂಡಾಗಲಷ್ಟೇ ಮಾತನಾಡಿಸಿದಾಗ, ಆಟದಲ್ಲಿ ತೊಡಗಿಸಿದಾಗ. 6 ಮಕ್ಕಳಲ್ಲಿ ಆ ವರ್ತನೆಯು ಒಂದು ನಿರ್ದಿಷ್ಟ ಸನ್ನಿವೇಶದಲ್ಲಿಯೇ ಹೆಚ್ಚಾಗಿ ಕಂಡುಬಂದಿತು. ಅರ್ಥಹೀನವೆಂದು ತೋರುತ್ತಿದ್ದ ಕ್ರಿಯೆಗೆ ಅರ್ಥವಿತ್ತು.

ಮುಂದಿನ ಹೆಜ್ಜೆಯನ್ನು 1985ರಲ್ಲಿ ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯುರಾಂಡ್ ಇಟ್ಟರು. ಕಾರಣ ತಿಳಿದ ಮೇಲೆ ವರ್ತನೆಯನ್ನು ಅದುಮುವ ಬದಲು ಅದೇ ಉದ್ದೇಶವನ್ನು ಈಡೇರಿಸುವ ಮಾತನ್ನು ಅವರು ಕಲಿಸಿದರು. ಕಷ್ಟದ ಪಾಠದ ಮುಂದೆ ಕೆರಳುತ್ತಿದ್ದ ಮಗುವಿಗೆ ತನಗೆ ಅರ್ಥವಾಗಲಿಲ್ಲವೆಂದು ಹೇಳಲು ಕಲಿಸಿದರು. ಗಮನಕ್ಕಾಗಿ ಹಂಬಲಿಸುತ್ತಿದ್ದ ಮಗುವಿಗೆ ತನ್ನ ಕೆಲಸ ಸರಿಯಾಗಿದೆಯೇ ಎಂದು ಕೇಳಲು ಕಲಿಸಿದರು. ಮಾತು ಬಂದಂತೆ ಕೆರಳುವಿಕೆ ಇಳಿಯಿತು. ಬಾಯಿಮಾತು ಬಾರದಿದ್ದರೆ ಕೈಸನ್ನೆಯಾಗಬಹುದು, ಚಿತ್ರವನ್ನು ಕೈಗೆ ಕೊಡುವುದಾಗಬಹುದು. ನನ್ನ ಮಟ್ಟಿಗೆ ಇದೇ ಈ ಶಾಸ್ತ್ರದ ಅತಿ ಬೆಲೆಯುಳ್ಳ ತಿಳಿವು: ಕೂಗು ಕೂಡ ಒಂದು ಭಾಷೆ. ಒಂದು ಭಾಷೆಯನ್ನು ಕಸಿದುಕೊಳ್ಳುವವನು ಅದಕ್ಕಿಂತ ಉತ್ತಮವಾದ ಇನ್ನೊಂದನ್ನು ಕೊಡುವ ಹೊಣೆಯನ್ನೂ ಹೊರಬೇಕು.

ಕಲಿಸುವ ಬಗೆ

ತಂತ್ರಗಳು ಅನೇಕ. ಮುಖ್ಯವಾದವುಗಳನ್ನು ಮಾತ್ರ ಹೇಳುತ್ತೇನೆ.

ಕೆಲಸವನ್ನು ಬಿಡಿಸುವುದು ಮೊದಲನೆಯದು. ಕೈ ತೊಳೆಯುವುದೆಂಬುದು ನಮಗೆ ಒಂದು ಕೆಲಸ. ಕಲಿಯುವ ಮಗುವಿಗೆ ಏಳೆಂಟು ಕೆಲಸ. ನಲ್ಲಿ ತಿರುಗಿಸುವುದು, ಕೈ ಒದ್ದೆ ಮಾಡುವುದು, ಸಾಬೂನು ಹಿಡಿಯುವುದು, ಉಜ್ಜುವುದು, ತೊಳೆಯುವುದು, ನಲ್ಲಿ ನಿಲ್ಲಿಸುವುದು, ಒರೆಸಿಕೊಳ್ಳುವುದು. ಒಂದೊಂದನ್ನೂ ಬೇರೆ ಬೇರೆಯಾಗಿ ಕಲಿಸಿ ಸರಪಣಿಯಂತೆ ಜೋಡಿಸುತ್ತಾರೆ. ಕೆಲವೊಮ್ಮೆ ಕೊನೆಯ ಕೊಂಡಿಯಿಂದ ಆರಂಭಿಸುತ್ತಾರೆ: ಆರನ್ನು ತಾಯಿ ಮಾಡಿಸಿ, ಒರೆಸಿಕೊಳ್ಳುವುದನ್ನು ಮಾತ್ರ ಮಗುವಿಗೆ ಬಿಡುತ್ತಾಳೆ. ಕೆಲಸ ಮುಗಿಸಿದ ಸಂತೋಷ ಮೊದಲ ದಿನವೇ ಮಗುವಿನ ಪಾಲಿಗೆ ಬರುತ್ತದೆ.

ನೆರವು ಕೊಡುವುದು ಮತ್ತು ನೆರವನ್ನು ಹಿಂದೆಗೆಯುವುದು ಎರಡನೆಯದು. ಮೊದಲು ಕೈ ಹಿಡಿದು ಮಾಡಿಸುವುದು, ಬಳಿಕ ಮಣಿಕಟ್ಟನ್ನು ಮುಟ್ಟುವುದು, ಬಳಿಕ ಬೆರಳು ತೋರಿಸುವುದು, ಕೊನೆಗೆ ಬರಿಯ ನೋಟ. ಸೈಕಲ್ ಕಲಿಸುವವನು ಸೀಟನ್ನು ಹಿಡಿದು ಓಡುತ್ತ ಯಾವುದೋ ಕ್ಷಣದಲ್ಲಿ ಕೈಬಿಡುವನಲ್ಲವೇ? ಕೈಬಿಡುವ ಕಾಲವನ್ನು ಅರಿಯದವನಿಗೆ ಕಲಿಸಲು ಬಾರದು.

ಚಿಕ್ಕ ಚಿಕ್ಕ ಯತ್ನಗಳ ಪಾಠ ಮೂರನೆಯದು. ಮೇಜಿನ ಮೇಲೆ ಲೋಟ ಮತ್ತು ಚಮಚ. ‘ಲೋಟ ಕೊಡು’ ಎಂಬ ಸೂಚನೆ, ಮಗುವಿನ ಪ್ರತಿಕ್ರಿಯೆ, ಸರಿಯಾದರೆ ಒಡನೆಯೇ ಮೆಚ್ಚುಗೆ, ತಪ್ಪಾದರೆ ನೆರವು, ಕ್ಷಣಕಾಲದ ವಿರಾಮ, ಮತ್ತೆ ಮೊದಲಿನಿಂದ. ಆದರೆ ಈ ಮೇಜಿನ ಲೋಟವನ್ನು ಗುರುತಿಸಿದ ಮಗು ಅಜ್ಜಿಯ ಮನೆಯ ಸ್ಟೀಲ್ ಲೋಟವನ್ನು ಗುರುತಿಸದೆ ಹೋಗಬಹುದು. ಒಂದೆಡೆ ಕಲಿತದ್ದು ಎಲ್ಲೆಡೆ, ಎಲ್ಲರೊಡನೆ ಬಳಕೆಗೆ ಬರಬೇಕು. ಆದುದರಿಂದಲೇ ಇಂದಿನ ಅನೇಕ ತಜ್ಞರು ಮೇಜಿನಿಂದೆದ್ದು, ಆಟ, ಊಟ, ಸ್ನಾನ ಮುಂತಾದ ಸಹಜ ಸಂದರ್ಭಗಳಲ್ಲಿಯೇ, ಮಗುವಿನ ಆಸಕ್ತಿಯನ್ನು ಹಿಂಬಾಲಿಸಿ ಕಲಿಸಲು ಇಚ್ಛಿಸುತ್ತಾರೆ.

ಹಂತಹಂತವಾಗಿ ರೂಪಿಸುವುದನ್ನು ಡಿಕಿಯ ಕತೆಯಲ್ಲಿ ಕಂಡೆವು. ‘ಮೊದಲು ಗಂಜಿ, ಆಮೇಲೆ ಉಯ್ಯಾಲೆ’ ಎಂಬ ಅಜ್ಜಿಯರ ಉಪಾಯವೂ ಇಲ್ಲಿ ಒಂದು ತತ್ತ್ವ. ಹೆಚ್ಚು ಇಷ್ಟವಾದ ಕೆಲಸದಿಂದ ಕಡಿಮೆ ಇಷ್ಟವಾದುದಕ್ಕೆ ಬಲ ಬರುವುದನ್ನು ಡೇವಿಡ್ ಪ್ರಿಮ್ಯಾಕ್ 1959ರಲ್ಲಿ ಶಾಸ್ತ್ರೀಯವಾಗಿ ನಿರೂಪಿಸಿದನು. ದೊಡ್ಡ ಮಕ್ಕಳಿಗೆ ಟೋಕನ್‌ಗಳ ಕ್ರಮವುಂಟು: ಇಂತಿಷ್ಟು ಟೋಕನ್ ಸೇರಿದರೆ ಇಂತಹ ಬಹುಮಾನ.

ಇವೆಲ್ಲಕ್ಕೂ ಬೆನ್ನೆಲುಬು ಎಣಿಕೆ. ಆರಂಭಕ್ಕೆ ಮುನ್ನ ಎಷ್ಟಿತ್ತು, ಎರಡು ವಾರಗಳ ಬಳಿಕ ಎಷ್ಟಿದೆ ಎಂಬುದನ್ನು ಬರೆದಿಡಬೇಕು. ಫಲ ಕಾಣದಿದ್ದರೆ ದೂರಬೇಕಾದುದು ಮಗುವನ್ನಲ್ಲ, ಕ್ರಮವನ್ನು ಬದಲಿಸಬೇಕು. ಕಲಿಯದ ವಿದ್ಯಾರ್ಥಿಯನ್ನು ದಡ್ಡನೆಂದು ಮೂಲೆಗೆ ನಿಲ್ಲಿಸುವ ನಮ್ಮ ಶಾಲೆಗಳಿಗೂ ಈ ವಿನಯ ಬರಬಾರದೇ?

ನೆರಳಿನ ಬದಿ

ಈ ವಿದ್ಯೆಗೆ ಲೋಕಪ್ರಸಿದ್ಧಿ ತಂದುದು ಕ್ಯಾಲಿಫೋರ್ನಿಯಾದ ಐವಾರ್ ಲೋವಾಸ್ 1987ರಲ್ಲಿ ಪ್ರಕಟಿಸಿದ ಅಧ್ಯಯನ. ಆಟಿಸಂ ಇದ್ದ 19 ಎಳೆಯ ಮಕ್ಕಳಿಗೆ ವಾರಕ್ಕೆ 40 ಗಂಟೆಗಳಂತೆ ಎರಡು ವರ್ಷಗಳು ಅಥವಾ ಅದಕ್ಕೂ ಹೆಚ್ಚು ಕಾಲ ತರಬೇತಿ ನಡೆಯಿತು. 9 ಮಕ್ಕಳು ಸಾಮಾನ್ಯ ಬುದ್ಧಿಮಟ್ಟವನ್ನು ತಲುಪಿ ಸಾಮಾನ್ಯ ಶಾಲೆಯ ಒಂದನೆಯ ತರಗತಿಯನ್ನು ಪೂರೈಸಿದರೆಂದು ಅವರು ವರದಿ ಮಾಡಿದರು. ‘ನೂರಕ್ಕೆ 47’ ಎಂಬ ಸಂಖ್ಯೆಯನ್ನು ಇಂದಿಗೂ ಜಾಹೀರಾತುಗಳಂತೆ ಬಳಸುವವರಿದ್ದಾರೆ. ಆದರೆ ಮಕ್ಕಳನ್ನು ಗುಂಪುಗಳಿಗೆ ಚೀಟಿ ಎತ್ತಿದಂತೆ ಹಂಚಿರಲಿಲ್ಲ. ಜೋರಾಗಿ ಗದರುವುದು, ತೊಡೆಗೆ ಹೊಡೆಯುವುದು ಸಹ ಅಂದಿನ ಕ್ರಮದ ಭಾಗವಾಗಿದ್ದವು. ಈ ಬಗೆಯ ತೀವ್ರ ತರಬೇತಿಯ ಕುರಿತು 2018ರಲ್ಲಿ ಪ್ರಕಟವಾದ ಕೊಕ್ರೇನ್ ಪರಿಶೀಲನೆಗೆ ಲೆಕ್ಕಕ್ಕೆ ಸಿಕ್ಕಿದ ಅಧ್ಯಯನಗಳು ಕೇವಲ 5, ಮಕ್ಕಳು 219. ದೈನಂದಿನ ಕೌಶಲ, ಬುದ್ಧಿಮಟ್ಟ, ಭಾಷೆಗಳಲ್ಲಿ ಕೆಲವು ಮಕ್ಕಳಿಗೆ ಪ್ರಯೋಜನವಿರಬಹುದು. ಆದರೆ ಆಧಾರ ದುರ್ಬಲವಾದುದು ಎಂಬುದೇ ಅದರ ತೀರ್ಮಾನ. ಆದುದರಿಂದ ‘ಪೂರ್ಣ ಗುಣ’ದ ಭರವಸೆ ಕೊಟ್ಟು ಹಣ ಕೇಳುವವರ ಮುಂದೆ ತಂದೆತಾಯಿಯರು ಎರಡು ಹೆಜ್ಜೆ ಹಿಂದೆ ನಿಲ್ಲಬೇಕು.

ಇನ್ನೂ ಕಠೋರವಾದುದೊಂದಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಒಂದು ಸಂಸ್ಥೆಯಲ್ಲಿ ವರ್ತನೆಯನ್ನು ತಡೆಯಲು ಚರ್ಮಕ್ಕೆ ವಿದ್ಯುದಾಘಾತ ಕೊಡುವ ಪದ್ಧತಿಯಿತ್ತು. ಅಲ್ಲಿನ ಆಹಾರ ಮತ್ತು ಔಷಧ ಆಡಳಿತವು 2020ರಲ್ಲಿ ಆ ಉಪಕರಣವನ್ನು ನಿಷೇಧಿಸಿತು. 2021ರಲ್ಲಿ ನ್ಯಾಯಾಲಯವು ಆ ನಿಷೇಧವನ್ನು ರದ್ದುಪಡಿಸಿತು. 2024ರಲ್ಲಿ ಆಡಳಿತವು ಮತ್ತೆ ನಿಷೇಧವನ್ನು ಪ್ರಸ್ತಾಪಿಸಿತು. ವರ್ತನಾ ವಿಶ್ಲೇಷಕರ ಅಂತಾರಾಷ್ಟ್ರೀಯ ಸಂಘವೇ 2022ರಲ್ಲಿ ಈ ಪದ್ಧತಿಯನ್ನು ವಿರೋಧಿಸುವ ನಿಲುವನ್ನು ತಳೆಯಿತು.

ಆಟಿಸಂ ಇರುವ ವಯಸ್ಕರಲ್ಲಿ ಹಲವರು ಇಂದು ತಾವೇ ಬಾಯ್ದೆರೆದು ಮಾತನಾಡುತ್ತಿದ್ದಾರೆ. ಕೈ ಅಲ್ಲಾಡಿಸುವುದು, ತೂಗುವುದು ತಮಗೆ ಶಾಂತಿ ಕೊಡುತ್ತಿತ್ತು. ಯಾರಿಗೂ ಹಾನಿಯಿಲ್ಲದ ಅದನ್ನು ನಿಲ್ಲಿಸಿದುದೇಕೆ ಎಂದು ಅವರು ಕೇಳುತ್ತಾರೆ. ಕಣ್ಣಿಗೆ ಕಣ್ಣಿಟ್ಟು ನೋಡೆಂದು ಬಲವಂತಪಡಿಸಿದುದು ಹಿಂಸೆಯಾಗಿತ್ತೆನ್ನುತ್ತಾರೆ. ಹೇಳಿದುದಕ್ಕೆಲ್ಲ ತಲೆಬಾಗುವುದನ್ನು ಕಲಿತ ಮಗು ಮುಂದೆ ಕೆಡುಕನಿಗೂ ತಲೆಬಾಗುವ ಅಪಾಯವನ್ನು ತೋರಿಸುತ್ತಾರೆ. ಈ ಮಾತುಗಳನ್ನು ತಳ್ಳಿಹಾಕುವಂತಿಲ್ಲ. ಈ ತರಬೇತಿಯನ್ನು ಉಂಡವರೇ ಹೇಳುವ ಸಾಕ್ಷ್ಯವಿದು.

ತತ್ತ್ವದ ದೃಷ್ಟಿಯಿಂದಲೂ ಒಂದು ಮಾತು. ಸ್ವತಂತ್ರ ಸಂಕಲ್ಪವೆಂಬುದು ಭ್ರಮೆಯೆಂಬಂತೆ ಸ್ಕಿನ್ನರ್ 1971ರ ತನ್ನ ಗ್ರಂಥದಲ್ಲಿ ವಾದಿಸಿದನು. ಅದನ್ನು ನಾನು ಒಪ್ಪುವುದಿಲ್ಲ. ಆದರೆ ಒಂದು ಉಪಕರಣವನ್ನು ಬಳಸಲು ಅದನ್ನು ರೂಪಿಸಿದವನ ಲೋಕದೃಷ್ಟಿಯನ್ನೆಲ್ಲ ಒಪ್ಪಬೇಕಾಗಿಲ್ಲ. ಪರಿಸರವು ನಮ್ಮನ್ನು ರೂಪಿಸುತ್ತದೆಂಬುದು ನಿಜ. ಅಷ್ಟರಿಂದಲೇ ಮನುಷ್ಯನು ಪರಿಸರದ ಪಡಿಯಚ್ಚು ಆಗುವುದಿಲ್ಲ. ಗುಂಡಿ ಹಾಕಿಕೊಳ್ಳಲು ಬಾರದ ಮಗುವಿಗೆ ಗುಂಡಿ ಹಾಕಲು ಕಲಿಸಿದರೆ ಅದರ ಸ್ವಾತಂತ್ರ್ಯ ಕುಗ್ಗುವುದಿಲ್ಲ, ಹಿಗ್ಗುತ್ತದೆ. ‘ಬೇಡ’ ಎಂದು ಹೇಳಲು ಕಲಿಸಿದರೆ ಇನ್ನೂ ಹಿಗ್ಗುತ್ತದೆ. ತರಬೇತಿಯನ್ನು ಪಳಗಿಸುವಿಕೆಯಿಂದ ಬೇರ್ಪಡಿಸುವ ಗೆರೆ ಇದೇ: ಕಲಿತ ಬಳಿಕ ಮಗುವಿನ ಕೈಯಲ್ಲಿ ಆಯ್ಕೆ ಹೆಚ್ಚಾಯಿತೇ, ಕಡಿಮೆಯಾಯಿತೇ?

ಹೆತ್ತವರು ಕೇಳಬೇಕಾದುದು

ಡಿಕಿಗೆ ಕನ್ನಡಕ ಹಾಕಿಸಿದ ಅದೇ ಮಾಂಟ್ರೋಸ್ ವುಲ್ಫ್, 1978ರಲ್ಲಿ ತನ್ನ ಸಹೋದ್ಯೋಗಿಗಳ ಮುಂದೆ ಮೂರು ಪ್ರಶ್ನೆಗಳನ್ನಿಟ್ಟನು. ಗುರಿಗಳು ಜನರು ನಿಜವಾಗಿ ಬಯಸುವಂತಹವೇ? ಬಳಸುವ ಮಾರ್ಗ ಅವರಿಗೆ ಒಪ್ಪಿಗೆಯೇ? ಬಂದ ಫಲದಿಂದ ಅವರಿಗೆ ತೃಪ್ತಿಯೇ? ಎಣಿಕೆಯಲ್ಲಿ ಮುಳುಗಿದ್ದ ಶಾಸ್ತ್ರಕ್ಕೆ ಇದರಿಂದ ಹೃದಯವೂ ದೊರೆಯುತ್ತಿದೆ ಎಂಬುದು ಆತನ ಭಾವನೆಯಾಗಿತ್ತು. ನಮ್ಮ ತಂದೆತಾಯಿಯರು ಯಾವುದೇ ತರಬೇತಿ ಕೇಂದ್ರದ ಮೆಟ್ಟಿಲನ್ನು ಹತ್ತುವಾಗ ಈ ಮೂರನ್ನೇ ಕೈಯಲ್ಲಿ ಹಿಡಿದು ಹೋಗಬಹುದು.

ಗುರಿಯ ಕುರಿತು: ಇದನ್ನು ಕಲಿತರೆ ನನ್ನ ಮಗುವಿಗೆ ಏನು ಪ್ರಯೋಜನ? ಶೌಚಾಲಯಕ್ಕೆ ಹೋಗುವುದು, ಬೇಕುಬೇಡಗಳನ್ನು ತಿಳಿಸುವುದು, ರಸ್ತೆ ದಾಟುವುದು ಅದರ ಬಾಳಿಗೆ ಬೇಕಾದವು. ‘ನೋಡುವವರಿಗೆ ವಿಚಿತ್ರವಾಗಿ ಕಾಣಬಾರದು’ ಎಂಬುದು ಮಗುವಿನ ಗುರಿಯಲ್ಲ, ನಮ್ಮ ನಾಚಿಕೆ.

ಮಾರ್ಗದ ಕುರಿತು: ಹೊಡೆಯುತ್ತೀರಾ? ಗದರುತ್ತೀರಾ? ಊಟ ತಡೆಯುತ್ತೀರಾ? ಮಗು ಬೇಡವೆಂದಾಗ ಏನು ಮಾಡುತ್ತೀರಿ? ನಾನು ಪಕ್ಕದಲ್ಲಿ ಕುಳಿತು ನೋಡಬಹುದೇ? ಕೊನೆಯ ಪ್ರಶ್ನೆಗೆ ಉತ್ತರ ‘ಇಲ್ಲ’ ಎಂದಾದರೆ ಆ ಕೇಂದ್ರದಿಂದ ಹಿಂದಿರುಗುವುದು ಲೇಸು. ಕಲಿಸುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರೇ ಎಂದು ಕೇಳಲೂ ಸಂಕೋಚ ಬೇಡ.

ಫಲದ ಕುರಿತು: ದಾಖಲೆಯನ್ನು ನನಗೆ ತೋರಿಸುತ್ತೀರಾ? ಮನೆಯಲ್ಲಿ ಮುಂದುವರಿಸಲು ನನಗೆ ಕಲಿಸುತ್ತೀರಾ? ಮಗು ಅಲ್ಲಿಗೆ ಹೋಗಲು ನಗುತ್ತ ಹೊರಡುತ್ತದೆಯೇ, ಬಾಗಿಲಲ್ಲಿಯೇ ನಡುಗುತ್ತದೆಯೇ ಎಂಬುದೂ ಒಂದು ದಾಖಲೆಯೇ.

ಆಟಿಸಂ ಇರುವವರ ಹಕ್ಕುಗಳು ನಮ್ಮ ದೇಶದ ಕಾನೂನಿನಲ್ಲಿಯೂ ಸ್ಥಾನ ಪಡೆದಿವೆ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆ ಮತ್ತು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ ಎರಡೂ ಆಟಿಸಮ್ಮನ್ನು ಒಳಗೊಂಡಿವೆ. ತಪಾಸಣೆ ಮತ್ತು ಸಲಹೆಗಾಗಿ ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳಂತಹ ಸರಕಾರಿ ಸಂಸ್ಥೆಗಳಿವೆ.

ಆದರೆ ಮೊದಲ ಹೆಜ್ಜೆಗೆ ಬಸ್ಸು ಹತ್ತಬೇಕಾಗಿಲ್ಲ. ಒಂದು ನೋಟ್‌ಪುಸ್ತಕ ತೆಗೆದುಕೊಂಡು ಪುಟದ ಮೇಲೆ ಎರಡು ಉದ್ದ ಗೆರೆಗಳನ್ನು ಎಳೆಯಿರಿ. ಮೊದಲನೆಯ ಅಂಕಣದಲ್ಲಿ ಕೂಗಿಗೆ ಮುನ್ನ ಏನಾಯಿತೆಂದು, ನಡುವಿನ ಅಂಕಣದಲ್ಲಿ ಮಗು ಏನು ಮಾಡಿತೆಂದು, ಕೊನೆಯದರಲ್ಲಿ ನೀವೇನು ಮಾಡಿದಿರೆಂದು ಒಂದು ವಾರ ಬರೆಯಿರಿ. ‘ಹಠ’, ‘ಸೊಕ್ಕು’ ಎಂಬ ಶಬ್ದಗಳು ಆ ಪುಟದಲ್ಲಿ ಇರಕೂಡದು. ವಾರದ ಕೊನೆಗೆ ಗಂಡಹೆಂಡತಿ ಜೊತೆಯಾಗಿ ಕುಳಿತು ಅದನ್ನು ಓದಿರಿ. ಮಗು ಇಷ್ಟು ದಿನ ಏನು ಹೇಳುತ್ತಿತ್ತೆಂಬುದು ಆ ಮೂರು ಅಂಕಣಗಳಲ್ಲಿ ಬಹುಮಟ್ಟಿಗೆ ಕಾಣಸಿಗುತ್ತದೆ.